ಬೆಟ್ಟದ ‘ಸುಲಭ’ಕ್ಕೆ ಒಂದು ಅಳತೆ ಕೊಡಿ: ಅರಣ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ ನಮಸ್ಕಾರಗಳು.

ನಾನು ಹಾಸನದ ಒಬ್ಬ ಹೈಸ್ಕೂಲು ಮೇಷ್ಟ್ರು. ಕುಮಾರ ಪರ್ವತ ಹತ್ತುವ ಆಸೆಯೂ ನನಗಿಲ್ಲ, ಅದಕ್ಕೆ ಬೇಕಾದ ಮಂಡಿಯೂ ಇಲ್ಲ. ಕಳೆದ ಚಳಿಗಾಲದಲ್ಲಿ ನಮಗೆ ಬೇಕಿದ್ದದ್ದು ಇಷ್ಟೇ: ಬೆಳಿಗ್ಗೆ ಕಾಡಿನೊಳಗೆ ನಡೆದುಹೋಗಿ, ಎತ್ತರದಲ್ಲೊಂದು ಕಡೆ ಕೂತು ಕಣಿವೆ ನೋಡುತ್ತಾ ಬುತ್ತಿ ಉಂಡು, ಬೆಳಕಿರುವಾಗಲೇ ಇಳಿದು ಬರುವುದು. ಹೊರಟವರು ನಾಲ್ವರು. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಅರವತ್ತೆಂಟರ ಅಮ್ಮ.

ಹುಡುಕಿ ಹುಡುಕಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕುರಿಂಜಲ್ ಗುಡ್ಡವನ್ನು ಆರಿಸಿಕೊಂಡೆವು. ಆಯ್ಕೆ ಒಳ್ಳೆಯದೇ, ಈಗಲೂ ಹಾಗೇ ಅನ್ನುತ್ತೇನೆ. ಭಗವತಿ ಪ್ರಕೃತಿ ಶಿಬಿರದ ಹತ್ತಿರದಿಂದ ಹೊರಡುವ ದಾರಿ ಬಹುಪಾಲು ಹಳೆಯ ಜೀಪ್ ರಸ್ತೆ. ಕಬ್ಬಿಣದ ಅದಿರು ತೆಗೆಯುತ್ತಿದ್ದ ಕಾಲದಲ್ಲಿ ಗುಡ್ಡದ ತುದಿಯಲ್ಲಿ ಸಂಪರ್ಕ ಗೋಪುರ ನಿಲ್ಲಿಸಿದ್ದರಲ್ಲ, ಅದಕ್ಕಾಗಿ ಮಾಡಿದ್ದಂತೆ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು, ದಾರಿ ಮಾತ್ರ ಉಳಿಯಿತು. ಈಗ ಎರಡೂ ಕಡೆಯಿಂದ ಶೋಲಾ, ಅಂದರೆ ಗುಡ್ಡದ ಸಂದಿನ ದಟ್ಟ ಕಾಡು, ಬಾಗಿಕೊಂಡು, ಬೆಳಿಗ್ಗೆ ಒಂಬತ್ತಕ್ಕೂ ಕಾಲಡಿಯ ಎಲೆ ಒದ್ದೆ.

ತೊಂದರೆ ಆದದ್ದು ‘ಸುಲಭ’ ಎಂಬ ಮಾತಿನಿಂದ. ಇಂಟರ್‌ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮರು ‘ಮನೆಮಂದಿಯೆಲ್ಲ ಆರಾಮಾಗಿ ಹೋಗಬಹುದಾದ ಸುಲಭದ ಚಾರಣ, ಎರಡೇ ಗಂಟೆ’ ಎಂದು ಬರೆದಿದ್ದರು. ಹತ್ತುವುದಕ್ಕೆ ಎರಡು ಗಂಟೆಯೋ, ಹೋಗಿಬರುವುದಕ್ಕೋ, ಇಪ್ಪತ್ತೈದು ವರ್ಷದವರ ಕಾಲಿಗೋ ಎಂದು ಬರೆದಿರಲಿಲ್ಲ. ನಾನೂ ಕೇಳಲಿಲ್ಲ. ಹೋಗಿಬರಲು ಹದಿಮೂರು ಹದಿನಾಲ್ಕು ಕಿಲೋಮೀಟರ್ ಆಗುತ್ತದೆ ಎಂದು ತಿಳಿದದ್ದು ಜೊತೆಗೆ ಬಂದ ಗೈಡ್ ಬಾಯಿಂದ, ಅದೂ ನಡೆಯಲು ಶುರು ಮಾಡಿದ ಮೇಲೆ. ನಾಲ್ಕು ಜನಕ್ಕೆ ನಾವು ಒಯ್ದದ್ದು ಎರಡು ಲೀಟರ್ ನೀರು. ಮಕ್ಕಳಿಗೆ ಕಾಲ, ದೂರ, ವೇಗದ ಲೆಕ್ಕ ಕಲಿಸುವವನು ನಾನು.

ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಳ್ಳುವ ಒಂದು ತಿರುವಿನಲ್ಲಿ ಅಮ್ಮ ಬಂಡೆಯ ಮೇಲೆ ಕೂತುಬಿಟ್ಟರು. ಮೇಲೆ ಗೋಪುರದ ಪಾಳುಕಟ್ಟಡ ಕಾಣುತ್ತಿತ್ತು. ಎದುರಿಗೆ ಒಂದರ ಹಿಂದೊಂದು ಹಸಿರು ಗುಡ್ಡ, ಅವುಗಳ ಸಂದುಗಳಲ್ಲಿ ಯಾರೋ ತುರುಕಿಟ್ಟ ಹಾಗೆ ಕಪ್ಪು ಕಾಡು. ‘ಇನ್ನು ಸ್ವಲ್ಪವೇ ಅಮ್ಮ’ ಎಂದೆ. ‘ಎಂತಕ್ಕೆ ಮೇಲೇ ಹೋಗ್ಬೇಕು ಮಾರಾಯಾ? ಇಲ್ಲಿಂದ ಕಾಣೋದು ಎಂತ ಕಮ್ಮಿ ಉಂಟು?’ ಎಂದರು. ಕೊಪ್ಪದ ಕಡೆಯ ಹೆಣ್ಣುಮಗಳು. ಚಿಕ್ಕಂದಿನಲ್ಲಿ ಶಾಲೆಗೆ ದಿನಾ ಇಂಥದ್ದೇ ಗುಡ್ಡ ಹತ್ತಿಳಿದವರು. ಬಾಳೆಎಲೆಯ ಕಟ್ಟು ಬಿಚ್ಚಿ ನಮಗೆಲ್ಲ ಚಿತ್ರಾನ್ನ ಹಂಚಿದರು. ನೀರು ಆಗಲೇ ತಳ ಕಂಡಿತ್ತು. ಗೈಡ್ ತನ್ನ ಬಾಟಲಿ ಕೊಟ್ಟ. ಇಳಿಯುವಾಗ ಅಮ್ಮನ ಎಡಮಂಡಿ ಹಿಡಿದುಕೊಂಡು, ಒಂದೂವರೆ ಗಂಟೆಯ ದಾರಿಗೆ ಮೂರು ಗಂಟೆ ಹಿಡಿಯಿತು. ಸಂಜೆಯಾದರೆ ಗೇಟು ಹಾಕುತ್ತಾರೆಂಬ ಭಯಕ್ಕೆ ಯಾರಿಗೂ ಮಾತಿಲ್ಲ. ಮಗಳೊಬ್ಬಳು ಮಾತ್ರ ಕೋಲು ಹಿಡಿದು ಸಿಂಗಳೀಕ ಹುಡುಕುತ್ತಾ ಮುಂದೆ ನಡೆದಳು. ಸಿಗಲಿಲ್ಲ.

ತಪ್ಪು ನಮ್ಮದೇ, ನಿಮ್ಮ ಇಲಾಖೆಯ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಜನ ಜಾತ್ರೆಯ ಹಾಗೆ ಮುಗಿಬಿದ್ದದ್ದನ್ನು ಎಲ್ಲರೂ ನೋಡಿದ್ದೇವೆ. ಆಮೇಲೆ ಸರ್ಕಾರ ಚಾರಣಕ್ಕೆ ತಡೆ ಹಾಕಿದ್ದು, ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಟಿಕೆಟ್ ಕೊಡಲು ಶುರು ಮಾಡಿದ್ದು, ಒಂದು ದಾರಿಗೆ ದಿನಕ್ಕೆ 300 ಜನ ಎಂದು ಮಿತಿ ಇಟ್ಟದ್ದು ಸರಿಯೇ. ಎಷ್ಟು ಜನ ಹೋಗಬೇಕೆಂಬುದು ಇತ್ಯರ್ಥವಾಯಿತು. ಯಾರು ಯಾವ ದಾರಿಯಲ್ಲಿ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನೂ ಟಿಕೆಟ್ ಕೊಡುವಾಗಲೇ ಹೇಳಿದರೆ ನಮ್ಮಂಥವರು ಮನೆಯಲ್ಲೇ ಕೂತು ಲೆಕ್ಕ ಹಾಕಿಕೊಳ್ಳುತ್ತೇವೆ.

ನಾನು ಕೇಳುವುದು ಪ್ರತಿಯೊಂದು ದಾರಿಗೂ ಕನ್ನಡದ ಒಂದೇ ಒಂದು ಹಾಳೆ. ಹೋಗಿಬರುವ ದೂರ ಎಷ್ಟು, ಎಷ್ಟು ಮೀಟರ್ ಏರು, ಮಗುವೋ ವಯಸ್ಸಾದವರೋ ಜೊತೆಗಿದ್ದರೆ ಹತ್ತಲು ಎಷ್ಟು ಹೊತ್ತು, ಇಳಿಯಲು ಎಷ್ಟು ಹೊತ್ತು. ಇಳಿಯುವ ಹೊತ್ತನ್ನು ಬೇರೆಯಾಗಿಯೇ ಬರೆಯಿರಿ, ಮಂಡಿ ಕೈಕೊಡುವುದು ಆಗಲೇ. ಕೊನೆಯ ನೀರು ಎಲ್ಲಿ, ಶೌಚಾಲಯ ಎಲ್ಲಿ, ನೆರಳು ಎಲ್ಲಿಗೆ ಮುಗಿಯುತ್ತದೆ. ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗಿ ಹೊರಡಬೇಕು. ಗೇಟಿನ ಹತ್ತಿರ ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ ಟಿಕೆಟ್ಟನ್ನು ಕಾಗದದ ಮೇಲೆ ತನ್ನಿ ಎಂಬ ಒಂದು ಸಾಲು. ಮಳೆ ನಿಂತ ಮೇಲೂ ಇಂಬಳ ಎಲ್ಲಿಯವರೆಗೆ ಕಾಡುತ್ತದೆ, ಬೆಂಕಿಯ ಕಾಲದಲ್ಲಿ ಯಾವಾಗ ದಾರಿ ಮುಚ್ಚುತ್ತೀರಿ ಎನ್ನುವುದೂ ಇರಲಿ. ಇದನ್ನು ಬರೆಯಲು ಬೆಂಗಳೂರಿನಿಂದ ಏಜೆನ್ಸಿ ಕರೆಸಬೇಡಿ. ಆ ದಾರಿಯ ಗಾರ್ಡು, ವಾಚರ್, ಗೈಡುಗಳನ್ನು ಒಂದು ಮಧ್ಯಾಹ್ನ ಕೂರಿಸಿ ಚಹಾ ಕೊಟ್ಟು ಕೇಳಿದರೆ ಸಾಕು. ಯಾವ ತಿರುವಿನಲ್ಲಿ ಯಾರು ಏದುಸಿರು ಬಿಡುತ್ತಾರೆ ಎನ್ನುವುದು ಅವರಿಗೆ ಗೊತ್ತು.

ಇನ್ನೊಂದು ಮಾತು. ನಮ್ಮಲ್ಲಿ ಚಾರಣ ಎಂದರೆ ತುದಿ. ತುದಿಯಲ್ಲಿ ಫೋಟೊ ತೆಗೆಯದೆ ಬಂದರೆ ಹೋದದ್ದೇ ಲೆಕ್ಕಕ್ಕಿಲ್ಲ. ಆದರೆ ಅಮ್ಮ ಕೂತಂಥ ಬಂಡೆಗಳು ಎಷ್ಟು ದಾರಿಗಳಲ್ಲಿ ಇಲ್ಲ? ಅಂಥ ಕಡೆಗೇ ಒಂದು ಗುರುತು ಹಾಕಿ, ಅಲ್ಲಿಯವರೆಗಿನದ್ದನ್ನೇ ಒಂದು ಪೂರ್ತಿ ನಡಿಗೆ ಎಂದು ಕರೆಯಿರಿ, ಅದಕ್ಕೆ ಕಡಿಮೆ ದರದ ಬೇರೆ ಟಿಕೆಟ್ ಕೊಡಿ. ತುದಿಯ ಮೇಲಿನ ನೂಕುನುಗ್ಗಲೂ ಕಡಿಮೆಯಾದೀತು.

ಹಾಗೆಂದು ಅಲ್ಲಿ ಏನನ್ನೂ ಕಟ್ಟಬೇಡಿ. ದಯವಿಟ್ಟು. ಸುಲಭ ಮಾಡಿ ಎಂದ ಕೂಡಲೇ ಸಿಮೆಂಟಿನ ಮೆಟ್ಟಿಲು, ಸ್ಟೀಲ್ ಕಂಬಿ, ಸೆಲ್ಫಿ ಪಾಯಿಂಟ್, ಪಕ್ಕದಲ್ಲೊಂದು ಕ್ಯಾಂಟೀನ್ ಎದ್ದುಬಿಡುತ್ತದೆ, ಹಿಂದೆಯೇ ಕುರುಕಲು ತಿಂಡಿಯ ಖಾಲಿ ಪೊಟ್ಟಣ. ಕಿಲೋಮೀಟರಿಗೊಂದು ಕಲ್ಲು ನೆಟ್ಟು ಸಂಖ್ಯೆ ಬರೆದರೆ ಸಾಕು. ಕೂರುವುದಕ್ಕೆ ಬಂಡೆ ಇದೆ.

ಅಮ್ಮನ ಮಂಡಿ ಈಗ ವಾಸಿ. ಬರುವ ಚಳಿಗಾಲಕ್ಕೆ ಮತ್ತೆ ಹೋಗೋಣ ಎನ್ನುತ್ತಿದ್ದಾರೆ, ‘ಆ ತಿರುವಿನವರೆಗೆ ಮಾತ್ರ’ ಎಂಬ ಷರತ್ತಿನ ಮೇಲೆ. ಅಷ್ಟರೊಳಗೆ ನಿಮ್ಮ ಇಲಾಖೆ ಆ ಒಂದು ಹಾಳೆಯನ್ನು ಬರೆಸಿದರೆ ಉಪಕಾರ. ನೀರು ಎಷ್ಟು ಲೀಟರ್ ಹೊರಬೇಕೆಂದು ಈ ಸಲವಾದರೂ ಮೊದಲೇ ತಿಳಿಯಲಿ.

ಇಂತಿ ತಮ್ಮ ವಿಶ್ವಾಸಿ,
ಹಾಸನದ ಒಬ್ಬ ಮೇಷ್ಟ್ರು