ಅಪ್ಪನ ಹೆಸರಲ್ಲಿ ಕರೆಸಿಕೊಳ್ಳುವ ಗೆಳೆಯನಿಗೆ

ಮೈಸೂರು, ಭಾನುವಾರ

ಲೋ ಶಿವು,

ಕೆನಡಾ ಪೌರತ್ವದ ಪ್ರಮಾಣವಚನ ತಗೊಂಡೆ, ರಾಜ ಚಾರ್ಲ್ಸ್‌ಗೆ ನಿಷ್ಠನಾಗಿರ್ತೀನಿ ಅಂದೆ, ಆಮೇಲೆ ಹೊರಗೆ ಬಂದು ಕಾರಲ್ಲಿ ಅರ್ಧ ಗಂಟೆ ಸುಮ್ನೆ ಕೂತಿದ್ದೆ ಅಂತ ನೀನು ಬರೆದಿದ್ದೆ. "ನಾನೀಗ ಯಾವ ದೇಶದೋನು ಕಣ್ಲಾ?" ಅಂತ ಬೇರೆ ಕೇಳಿದ್ದೆ. ನಾನು ನಗುವ ಮುಖದ ಚಿತ್ರವೊಂದನ್ನ ಕಳಿಸಿ ಕೈತೊಳ್ಕೊಂಡೆ. ತಪ್ಪಾಯ್ತು. ಈಗ ಬರೀತಿದ್ದೀನಿ.

ನಿಮ್ಮ ತಾತನ್ನ ನೆನೆಸ್ಕೊ. ಅವರು ಹುಟ್ಟಿದಾಗ ನಿಮ್ಮೂರು ಮೈಸೂರು ಜಿಲ್ಲೆಗೆ ಸೇರಿತ್ತು. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಮಹಾರಾಜರ ಪ್ರಜೆಯಾಗಿದ್ದೋರು ಸಂವಿಧಾನ ಬಂದಾಗ ಭಾರತದ ಪೌರರಾದರು. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಹೋಗಿ ಕರ್ನಾಟಕ ಆಯ್ತು. ಅರ್ವಿನ್ ನಾಲೆ ಅಂತಿದ್ದದ್ದು ಕೂಡ ವಿಶ್ವೇಶ್ವರಯ್ಯ ನಾಲೆ ಆಯ್ತಲ್ಲ. ಇಷ್ಟೆಲ್ಲ ಆದ್ರೂ ತಾತ ಅದೇ ಜಗಲಿ ಮೇಲೆ ಮಲಗಿ, ಅದೇ ತೂಬಿನ ನೀರು ಕಟ್ಟಿಕೊಂಡು ಕಾಲ ಕಳೆದರು. ಅವರನ್ನ ಯಾರೂ ಪ್ರಮಾಣವಚನಕ್ಕೆ ಕರೀಲಿಲ್ಲ. ನಿನಗೆ ಕರೆದಿದ್ದಾರೆ, ಅದಕ್ಕೇ ಎದೆ ಭಾರ ಅನ್ನಿಸ್ತಿದೆ.

ನನಗೆ ನಿನ್ನ ಪೌರತ್ವಕ್ಕಿಂತ ನಿನ್ನ ಹೆಸರಿನ ಕತೇನೇ ಹೆಚ್ಚು ಕಾಡೋದು. ಶಾಲೇಲಿ ನಿನ್ನ ಹೆಸರಿನ ಮುಂದೆ ಎರಡಕ್ಷರ ಇದ್ದವು, ಒಂದು ಊರಿಂದು, ಒಂದು ಅಪ್ಪಂದು. ಪಾಸ್‌ಪೋರ್ಟ್ ಅರ್ಜಿ ತುಂಬಿಕೊಟ್ಟ ಅಂಗಡಿಯವನು "ಸರ್‌ನೇಮ್ ಏನ್ ಸಾರ್?" ಅಂದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡ್ವಿ. ಕೊನೆಗೆ ಅಪ್ಪನ ಹೆಸರು ಬಿತ್ತು. ಈಗ ನಿನ್ನ ಆಫೀಸಲ್ಲಿ ನೀನು ಮಿಸ್ಟರ್ ಚಿಕ್ಕಮರೀಗೌಡ! ಊರಲ್ಲಿ ಆ ಹೆಸರು ಹಿಡಿದು ಕೂಗಿದ್ದಿದ್ರೆ ನಿನ್ನ ಬೆನ್ನ ಮೇಲೆ ಹುಣಿಸೆ ಬರ್ಲು ಮುರೀತಿತ್ತು. ನಿನ್ನ ಮಗಳೂ ಅದೇ ಹೆಸರಿನೋಳು. ಕನ್ನಡ ತೊದಲುವ ಕೂಸು ತಾತನ ಪೂರ್ತಿ ಹೆಸರು ಹೊತ್ಕೊಂಡು ಹಿಮದಲ್ಲಿ ಸ್ಕೂಲಿಗೆ ಹೋಗ್ತಿದೆ. ಇಲ್ಲಿ ಹೆಸರು ಕೇಳೋದು ಅರ್ಧ ಪಾಲು ಜಾತಿ ತಿಳ್ಕೊಳ್ಳೋಕೆ. ಅಲ್ಲಿ ಆ 'ಗೌಡ' ಯಾರಿಗೂ ಏನೂ ಹೇಳಲ್ಲ. ಅಷ್ಟರ ಮಟ್ಟಿಗೆ ನೀನು ಪುಣ್ಯವಂತ.

ಬೈಲುಕುಪ್ಪೆಯ ಟಿಬೆಟನ್ ಶಿಬಿರದ ತೆನ್ಜಿನ್ ನೆನಪಿದಾನಾ? ಕಳೆದ ತಿಂಗಳು ಸಿಕ್ಕಿದ್ದ. ಪಿರಿಯಾಪಟ್ಟಣದ ವ್ಯಾಪಾರಿ ಹತ್ರ ಮುಸುಕಿನ ಜೋಳದ ರೇಟಿಗೆ ಜಗಳ ಆಡ್ತಿದ್ದ, ನಮಗಿಂತ ಚೆನ್ನಾಗಿ. ಅವನಿಗೂ ಮನೆತನದ ಹೆಸರಿಲ್ಲ. ದಲೈ ಲಾಮಾ ಅವರ ಹೆಸರು ತೆನ್ಜಿನ್ ಗ್ಯಾತ್ಸೊ ಅಲ್ವಾ, ಅವರಿಂದ ಹೆಸರಿಡಿಸಿಕೊಂಡೋರೆಲ್ಲ ತೆನ್ಜಿನ್‌ಗಳೇ. ಗುಂಪಲ್ಲಿ ಒಂದ್ಸಲ ಕೂಗಿದ್ರೆ ಹತ್ತು ಜನ ತಿರುಗ್ತಾರೆ. ಅವನ ಅಪ್ಪ ಅಮ್ಮ ಟಿಬೆಟ್‌ನಲ್ಲಿ ಹುಟ್ಟಿ ಓಡಿಬಂದೋರು, ಮಕ್ಕಳು ಹುಟ್ಟಿದ್ದು ಇಲ್ಲೇ. ಅಕ್ಕ ಹುಟ್ಟಿದ್ದು 1986ರಲ್ಲಿ, ಇವನು 1988ರಲ್ಲಿ. ನಮ್ಮ ಕಾನೂನಿನಲ್ಲಿ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದಲ್ಲಿ ಹುಟ್ಟಿದೋರು ಹುಟ್ಟಿನಿಂದಲೇ ಪೌರರು. ಆಮೇಲೆ ಹುಟ್ಟಿದೋರಿಗೆ ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಪೌರರಾಗಿರಬೇಕಿತ್ತು. ಟಿಬೆಟನ್ನರಿಗೂ ಇದು ಅನ್ವಯಿಸುತ್ತೆ ಅಂತ ದೆಹಲಿ ಹೈಕೋರ್ಟ್ 2010ರಲ್ಲೇ ಹೇಳಿದೆ. ಹಾಗಾಗಿ ಒಂದೇ ತೊಟ್ಟಿಲಲ್ಲಿ ತೂಗಿಸಿಕೊಂಡ ಅಕ್ಕ ಭಾರತೀಯಳು, ತಮ್ಮ ವಿದೇಶಿ. ಅವನು ನೋಂದಣಿ ಪತ್ರ ನವೀಕರಿಸಿಕೊಳ್ತಾ ಇರಬೇಕು. ಇದು ನನಗೆ ಸರಿ ಕಾಣಲ್ಲ. ಆದ್ರೆ ಅವನು ಅಂದದ್ದು ಕೇಳು: "ಕೊಟ್ರೂ ತಗೊಳ್ತೀನೋ ಇಲ್ವೋ ಗೊತ್ತಿಲ್ಲ ಅಣ್ಣ. ನಾವೆಲ್ಲ ತಗೊಂಡ್ಬಿಟ್ರೆ ವಾಪಸ್ ಹೋಗ್ಬೇಕು ಅನ್ನೋರು ಯಾರು ಉಳೀತಾರೆ?" ನೋಡದ ಊರಿಗೆ ವಾಪಸ್ ಹೋಗೋ ಮಾತು, ಅದೂ ಪಿರಿಯಾಪಟ್ಟಣದ ಕನ್ನಡದಲ್ಲಿ. ನಾನು ಬಾಯಿ ಮುಚ್ಕೊಂಡೆ.

ನೀನು ಹಳೇ ಪಾಸ್‌ಪೋರ್ಟ್ ಒಪ್ಪಿಸಬೇಕಾದ್ದು ಹೌದು, ನಮ್ಮಲ್ಲಿ ಎರಡು ದೇಶದ ಪೌರತ್ವ ನಡೆಯಲ್ಲ. ಓಸಿಐ ಕಾರ್ಡ್, ಅಂದ್ರೆ ಬೇರೆ ದೇಶದ ಪೌರರಾದ ಭಾರತ ಮೂಲದೋರಿಗೆ ಕೊಡೋ ಕಾರ್ಡ್, ಮಾಡಿಸಿದರೆ ವೀಸಾ ಇಲ್ದೆ ಬಂದು ಹೋಗಬಹುದು. ವೋಟಿಲ್ಲ. ಹೊಸದಾಗಿ ಗದ್ದೆ ಕೊಳ್ಳೋ ಹಾಗಿಲ್ಲ, ಆದರೆ ಪಿತ್ರಾರ್ಜಿತವಾಗಿ ಬಂದದ್ದನ್ನ ಇಟ್ಕೋಬಹುದು. ಇದನ್ನ ನಿಮ್ಮಪ್ಪಂಗೆ ಹೇಳಿದಾಗಲೇ ಅವರ ಮುಖದಲ್ಲಿ ಗೆಲುವು ಬಂದದ್ದು.

ಅವರೀಗ ಉಯಿಲು ಬರೆಸಬೇಕು ಅಂತ ಪಹಣಿ ಹಿಡ್ಕೊಂಡು ಓಡಾಡ್ತಿದ್ದಾರೆ. ನಿನ್ನ ಹೆಸರು ಹೇಗೆ ಬರೆಸೋದು, ಮಾರ್ಕ್ಸ್ ಕಾರ್ಡಲ್ಲಿರೋ ಹಾಗೋ, ಪಾಸ್‌ಪೋರ್ಟಲ್ಲಿರೋ ಹಾಗೋ ಅಂತ ದಿನಾ ಫೋನ್ ಮಾಡ್ತಾರೆ. ಬೇಗ ತಿಳಿಸು, ಮಾರಾಯ.

ನಿನ್ನ,
ಮಹೇಶ