ಮಗಳಿಗೊಂದು ಪತ್ರ: ಮೋಹನದಲ್ಲಿ ಮ ಇಲ್ಲ

ಪುಟ್ಟಿ,

ಭಾನುವಾರ ನೀನು ಬ್ಯಾಗ್ ಎತ್ತಿಕೊಂಡು ಕೆಂಗೇರಿಯ ಪಿಜಿಗೆ ಹೊರಟಾಗ ನಾನು ಅಡುಗೆಮನೆಯಿಂದ ಆಚೆ ಬರಲೇ ಇಲ್ಲ. ಜಗಳದ ಮಾತೆಲ್ಲ ಇಬ್ಬರಿಗೂ ನೆನಪಿದೆ, ಮತ್ತೆ ಬರೆಯಲ್ಲ. "14 ವರ್ಷ ಸಂಗೀತ ಕಲಿತಿದ್ದು ಇದಕ್ಕಾ" ಅಂದೆನಲ್ಲ, ಅದು ತಪ್ಪು.

ನಿನ್ನೆ ರಾತ್ರಿ ಒಬ್ಬಳೇ ಕೂತು ಟೀವಿಯಲ್ಲಿ ನಿನ್ನ ಎಪಿಸೋಡ್ ನೋಡಿದೆ. ನಿನ್ನ ಪಾತ್ರ ಹಾಡಲು ಬಾರದ ಸಂಗೀತ ಟೀಚರ್. ಮೋಹನ ರಾಗ ಶುರು ಮಾಡಿ ಮಧ್ಯಮ, ಅಂದರೆ ಮ, ಹಿಡಿಯುತ್ತೀಯ. ಮೋಹನದಲ್ಲಿ ಮ ಇಲ್ಲ, ನಿ ಇಲ್ಲ, ಇರುವುದೇ ಐದು ಸ್ವರ, ನಿನ್ನ ಪಾಠ ಮುಗಿಯಲಿ ಅಂತ ಹೊರಗೆ ಮೆಟ್ಟಿಲ ಮೇಲೆ ಕೂತು ಕೂತು ನನಗೂ ಅಷ್ಟು ಗೊತ್ತು. ನೀನು ಬೇಕೆಂದೇ, ಪ್ರತಿ ಸಲ ಅದೇ ಜಾಗದಲ್ಲಿ, ಅಷ್ಟೇ ಅಳತೆಯಲ್ಲಿ ತಪ್ಪುತ್ತೀಯ. ಶ್ರುತಿ ಗಟ್ಟಿ ಇಲ್ಲದವರಿಗೆ ಹಾಗೆ ತಪ್ಪಲು ಬರುತ್ತಾ? ನಗು ಬಂತು. ಆಮೇಲೆ ಆ ರಾಮನವಮಿ ನೆನಪಾಗಿ ಅಳು ಬಂತು.

ಆಗ ನಿನಗೆ 12. ಮೇಲಿನ ಸ ಮುಟ್ಟುವಾಗ ದನಿ ಒಡೆಯಿತು. ಪೆಂಡಾಲಿನಲ್ಲಿ ಯಾರೋ ಕಿಸಕ್ಕೆಂದರು, ಪಕ್ಕದವರೂ ನಕ್ಕರು. ನಾನು ಪಾನಕದ ಲೋಟ ಹಿಡಿದು ನಿಂತಿದ್ದೆ. ಅಷ್ಟು ಜನರಲ್ಲಿ ನೀನು ನನ್ನನ್ನೇ ಹುಡುಕಿ ನೋಡಿದೆ, ನಾನೂ ನಗುತ್ತಿದ್ದೆ ಕಣೇ. ನಾಚಿಕೆಗೆ ಬಂದ ನಗು ಅದು, ಆದರೆ ನಿನಗೆ ಅದು ಹೇಗೆ ಗೊತ್ತಾಗಬೇಕು? ಗಾಂಧಿ ಬಜಾರಿನ ಉದ್ದಕ್ಕೂ ನನ್ನ ಕೈ ಹಿಡಿಯದೆ ನಡೆದೆ. ಕೋಸಂಬರಿಯ ದೊನ್ನೆ ಹಾಗೇ ಮನೆಗೆ ಬಂತು. 11 ವರ್ಷ ಆಯ್ತು. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಟೀವಿಯಲ್ಲಿ ನಿನ್ನ ಅಪಶ್ರುತಿಗೆ ಜನ ನಕ್ಕಾಗಲೆಲ್ಲ ನನ್ನ ಕೈಯಲ್ಲಿ ಆ ಲೋಟ ಇದ್ದ ಹಾಗೇ ಅನ್ನಿಸುತ್ತೆ. ಕ್ಷಮಿಸು ಮಗಳೇ.

ಭಯವೂ ಇದೆ. ಪಾತ್ರದ ಹೆಸರು ಮನುಷ್ಯರಿಗೆ ಅಂಟಿಕೊಳ್ಳುತ್ತೆ. ಸಿಹಿ ಕಹಿ ಚಂದ್ರು ಅವರಿಗೆ ಆ ಹೆಸರು ದೂರದರ್ಶನದ ಧಾರಾವಾಹಿಯಿಂದ ಬಂತು, ಮುಖ್ಯಮಂತ್ರಿ ಚಂದ್ರು ಅವರಿಗೆ ನಾಟಕದಿಂದ. ಅವರಿಗೆ ಒಳ್ಳೆಯದೇ ಆಯಿತು. ನಿನಗೆ ಅಪಸ್ವರ ಟೀಚರ್ ಅಂತ ಅಂಟಿಕೊಂಡರೆ ನಾಳೆ ಯಾರು ಸಂಗೀತ ಕಚೇರಿಗೆ ಕರೆಯುತ್ತಾರೆ? ಬಿ. ಜಯಶ್ರೀ ಹಾಡಿಯೂ ಹಾಡಿದರು, ನಟಿಸಿಯೂ ನಟಿಸಿದರು ಅಂತಾರೆ ನಿಮ್ಮಪ್ಪ. ಅವರು ಗುಬ್ಬಿ ವೀರಣ್ಣನವರ ಮೊಮ್ಮಗಳು. ನಮ್ಮ ಮನೆಯಲ್ಲಿ ನಿನಗೆ ದಾರಿ ಹೇಳಲು ಯಾರಿದ್ದಾರೆ?

ಅದಕ್ಕೇ ಹೇಳೋದು. ಎಷ್ಟೇ ಬೇಗ ಶೂಟಿಂಗ್ ಇರಲಿ, ಬೆಳಿಗ್ಗೆ ಅರ್ಧ ಗಂಟೆ ಸಾಧನೆ ಬಿಡಬೇಡ. ಕಿರುಚುವ ಸೀನ್ ಆದ ದಿನ ಫೋನಿನಲ್ಲೂ ಜಾಸ್ತಿ ಮಾತಾಡಬೇಡ, ಐಸ್ ನೀರು ಮುಟ್ಟಬೇಡ. ಅಗ್ರಿಮೆಂಟ್ ಪೂರ್ತಿ ಓದದೆ ಸೈನ್ ಹಾಕಬೇಡ, ದಿನಕ್ಕೆ ಎಷ್ಟು ಅಂತ ಬರೆಸಿಕೋ. ಬುದ್ಧಿ ಹೇಳಬಾರದು ಅಂತಲೇ ಕೂತಿದ್ದೆ, ಆದರೂ ಬಂದುಬಿಡುತ್ತೆ.

ಇವತ್ತು ಸೊಪ್ಪಿನ ಗಾಡಿಯ ಹತ್ತಿರ ಇಬ್ಬರು ಹುಡುಗಿಯರು ನಿನ್ನ ಹಾಗೇ ಆ ಮ ಹಾಡಿ ನಗುತ್ತಿದ್ದರು. ಅವಳು ನನ್ನ ಮಗಳು ಅಂದೆ. ಸೊಪ್ಪಿನವಳಿಗೂ ಕೇಳಿಸುವ ಹಾಗೆ ಅಂದೆ.

ಶ್ರುತಿಪೆಟ್ಟಿಗೆ ಇಲ್ಲೇ ಬಿಟ್ಟು ಹೋಗಿದ್ದೀಯ. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿದರೆ ಕೆಂಗೇರಿ ಬಂದೇಬಿಡುತ್ತೆ, ಶುಕ್ರವಾರ ನಾನೇ ತರಲಾ?

ಅಮ್ಮ