ಈರುಳ್ಳಿ ಬೇರಿನ ಪಾಠದಲ್ಲಿ ಜಾನಕಿ ಅಮ್ಮಾಳ್ ಹೆಸರೂ ಬರಲಿ

ಮಾನ್ಯ ಸಂಪಾದಕರೇ,

ನಮ್ಮ ಮಂಡ್ಯ ಜಿಲ್ಲೆಯ ರೈತರಿಗೆ ಚಿರಪರಿಚಿತವಾದ ‘ಕೋ-86032’ ಕಬ್ಬಿನ ಹೆಸರಿನಲ್ಲಿರುವ ‘ಕೋ’ ಎಂಬುದು ಕೊಯಮತ್ತೂರಿನ ಗುರುತು. ಕಬ್ಬು ಹುಲುಸಾಗಿ ಸೂಲಂಗಿ ಬಿಡುವ ಆ ಊರಿನ ಕಬ್ಬು ತಳಿ ಸಂವರ್ಧನಾ ಸಂಸ್ಥೆಯಲ್ಲಿ 1930ರ ದಶಕದಲ್ಲಿ ದುಡಿದ ವಿಜ್ಞಾನಿ, ತಲಶ್ಶೇರಿಯ ಇ.ಕೆ. ಜಾನಕಿ ಅಮ್ಮಾಳ್. ಹಲವು ವರ್ಷ ಪದವಿಪೂರ್ವ ತರಗತಿಗಳಿಗೆ ಮೆಂಡಲ್‌ನ ಬಟಾಣಿ ಗಿಡಗಳ ಬಗ್ಗೆ ಪಾಠ ಮಾಡಿದ ನಾನು, ಕಬ್ಬಿನ ಗದ್ದೆಗಳ ನಡುವಿನಿಂದ ಬಂದ ಆ ಮಕ್ಕಳಿಗೆ ಈ ಹೆಸರನ್ನು ಒಮ್ಮೆಯೂ ಹೇಳಲಿಲ್ಲವೆಂಬ ಖೇದದಿಂದ ಈ ಪತ್ರ ಬರೆಯುತ್ತಿದ್ದೇನೆ.

ಸಿಹಿ ಕಬ್ಬಿನ ಮೂಲ ಜಾತಿಯ ಜೀವಕೋಶದಲ್ಲಿ 80 ವರ್ಣತಂತುಗಳಿವೆ (ಕ್ರೋಮೋಸೋಮ್, ಅಂದರೆ ಅನುವಂಶೀಯ ಗುಣಗಳನ್ನು ಹೊತ್ತ ಎಳೆಗಳು). ಹೊಳೆದಂಡೆಗಳಲ್ಲಿ ತಾನಾಗಿ ಬೆಳೆಯುವ ಕಾಡುಕಬ್ಬಿನಲ್ಲಿ ಈ ಸಂಖ್ಯೆ ಒಂದೊಂದು ಕಡೆ ಒಂದೊಂದಾಗಿ, 40ರಿಂದ 128ರವರೆಗೂ ಇರುತ್ತದೆ. ಮೊದಲನೆಯದರ ಸಿಹಿಯನ್ನೂ ಎರಡನೆಯದರ ರೋಗ ತಡೆಯುವ ಗಟ್ಟಿತನವನ್ನೂ ಕೂಡಿಸಿ ಮಾಡಿದ ಇಂದಿನ ತಳಿಗಳಲ್ಲಿ ನೂರಕ್ಕೂ ಹೆಚ್ಚು ವರ್ಣತಂತುಗಳು ಸೇರಿಕೊಂಡಿವೆ. ಯಾವುದು ಯಾವುದರೊಡನೆ ಕೂಡಿತು, ಎಲ್ಲಿ ಇಮ್ಮಡಿಯಾಯಿತು ಎಂಬ ಸಸ್ಯವಿಕಾಸದ ಪ್ರಶ್ನೆಗಳಿಗೆ ಆಗ ಉತ್ತರ ಸಿಗಬೇಕಾಗಿದ್ದುದು ಸೂಕ್ಷ್ಮದರ್ಶಕದಡಿ ಒಂದೊಂದನ್ನೇ ಎಣಿಸುವ ತಾಳ್ಮೆಯಿಂದ ಮಾತ್ರ. ಜಾನಕಿ ಅಮ್ಮಾಳ್ ಅದನ್ನೇ ಮಾಡಿದರು. ಕಬ್ಬನ್ನು ಮುಸುಕಿನ ಜೋಳದೊಂದಿಗೂ ಸಂಕರಗೊಳಿಸಿ ನೋಡಿದರು.

ಮುಂದೆ ಇಂಗ್ಲೆಂಡಿನಲ್ಲಿ ಅಲ್ಲಿನ ವರ್ಣತಂತು ವಿಜ್ಞಾನಿ ಸಿ.ಡಿ. ಡಾರ್ಲಿಂಗ್ಟನ್ ಅವರ ಜೊತೆಗೂಡಿ, ಮನುಷ್ಯ ಬೆಳೆಸುವ ಸಸ್ಯಗಳ ವರ್ಣತಂತು ಸಂಖ್ಯೆಗಳನ್ನೆಲ್ಲ ಒಂದೆಡೆ ಸೇರಿಸಿದ ಬೃಹತ್ ಆಕರ ಗ್ರಂಥವನ್ನು 1945ರಲ್ಲಿ ಹೊರತಂದರು. ನೆಹರೂ ಅವರ ಕರೆಯ ಮೇರೆಗೆ 1951ರಲ್ಲಿ ಸ್ವದೇಶಕ್ಕೆ ಮರಳಿದರು. 1977ರಲ್ಲಿ ಪದ್ಮಶ್ರೀ ಬಂತು.

ರಿಯೂನಿಯನ್ ದ್ವೀಪದ ‘ಆರ್-570’ ಎಂಬ ಕಬ್ಬಿನ ತಳಿಯ ಜೀನೋಮನ್ನು, ಅಂದರೆ ಜೀವಕೋಶದಲ್ಲಿರುವ ಡಿಎನ್‌ಎಯ ಪೂರ್ಣ ಬರಹವನ್ನು, ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದರು. ಸುಮಾರು ಸಾವಿರ ಕೋಟಿ ಅಕ್ಷರಗಳ ಆ ಬರಹ ಮನುಷ್ಯನ ಜೀನೋಮಿಗಿಂತ ಮೂರು ಪಟ್ಟು ದೊಡ್ಡದು. ಇಂಥ ಸುದ್ದಿಯನ್ನು ನಾವು ಯಂತ್ರಗಳ ಸಾಹಸವೆಂದಷ್ಟೇ ಓದುತ್ತೇವೆ. ಆ ಅಕ್ಷರಗಳನ್ನು ಎಷ್ಟು ಕಂತೆಗಳಾಗಿ, ಅಂದರೆ ವರ್ಣತಂತುಗಳಾಗಿ, ಜೋಡಿಸಬೇಕೆಂಬ ತಿಳಿವಳಿಕೆ ಮಾತ್ರ, ಹಿಂದೆ ಕೈಯಾರೆ ಎಣಿಸಿದವರಿಂದ ಬಂದದ್ದು.

ಹೊಸ ಪಾಠವನ್ನೇ ಸೇರಿಸಬೇಕೆಂದು ನಾನು ಕೇಳುತ್ತಿಲ್ಲ. ನಮ್ಮ ಕಾಲೇಜುಗಳ ಪ್ರಯೋಗಾಲಯದಲ್ಲಿ ಮಕ್ಕಳು ಈರುಳ್ಳಿ ಬೇರಿನ ತುದಿಗೆ ಬಣ್ಣ ಹಾಕಿ ಮೊದಲ ಬಾರಿ ವರ್ಣತಂತುಗಳನ್ನು ಕಾಣುವ ದಿನ, ಅದೇ ಬಗೆಯ ಕೆಲಸವನ್ನು ಬದುಕಿನುದ್ದಕ್ಕೂ ಮಾಡಿದ ಈ ಮಹಿಳೆಯ ಬಗ್ಗೆ ಅಧ್ಯಾಪಕರು ಹತ್ತು ನಿಮಿಷ ಮಾತನಾಡಲಿ. ಅದಕ್ಕೆ ಬೇಕಾದ ಲೇಖನವೊಂದನ್ನು ತಮ್ಮ ಪತ್ರಿಕೆ ಕನ್ನಡದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಮದ್ದೂರು